ಒಳ್ಳೆಯ ಹುಡುಗರನ್ನು ದೊಡ್ಡವರು ಹೊತ್ತೊಯ್ಯುತ್ತಾರಾ?

ಹಾವೇರಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಓದುಗರೊಬ್ಬರು ಬರೆದಿದ್ದಾರೆ: "ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ಕಪ್ಪು ಜನರ ಕಾಲೇಜುಗಳ ಜೊತೆ ಸೇರಿ ವಿಜ್ಞಾನ ಸಂಶೋಧನೆ ಕಲಿಸುವುದನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ನನಗೆ ಅನುಮಾನ. ದೊಡ್ಡವರು ಬರುತ್ತಾರೆ, ಒಳ್ಳೆಯ ಹುಡುಗರನ್ನು ಹೊತ್ತುಕೊಂಡು ಹೋಗುತ್ತಾರೆ, ಸಣ್ಣ ಕಾಲೇಜಿಗೆ ಒಂದು ಫೋಟೋ ಉಳಿಯುತ್ತದೆ. ಪ್ರವೇಶ ಪರೀಕ್ಷೆಯ ಅಂಕವನ್ನೂ ಕೈಬಿಟ್ಟರೆ ಗುಣಮಟ್ಟದ ಗತಿ ಏನು? ನಮ್ಮ ಕಾಲೇಜಿಗೂ ಇಂಥದೊಂದು ಒಪ್ಪಂದದ ಕರಡು ಬಂದಿದೆ, ಪ್ರತಿ ಇಟ್ಟಿದ್ದೇನೆ. ವಾರಕ್ಕೆ ಇಪ್ಪತ್ತು ಗಂಟೆ ಪಾಠ ಮಾಡುತ್ತೇನೆ. ಏನು ಮಾಡಲಿ?"

ಸಂಪಾದಕರ ಉತ್ತರ:

ನಿಮ್ಮ ಅನುಮಾನವನ್ನು ತಳ್ಳಿಹಾಕಲಾರೆ. ಸಣ್ಣ ಕಾಲೇಜಿನ ಹೆಸರನ್ನು ಅನುದಾನದ ಅರ್ಜಿಯ ತೂಕ ಹೆಚ್ಚಿಸಲು ಮಾತ್ರ ಬಳಸಿಕೊಂಡ ಒಪ್ಪಂದಗಳು ಅಮೆರಿಕದಲ್ಲೂ ಇವೆ. ಆದರೆ ನಾನು ಹೊಗಳಿದ್ದು ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ಊರಿನ ಒಂದು ನಿರ್ದಿಷ್ಟ ಏರ್ಪಾಡನ್ನು. ಅದನ್ನು ಕೊಂಚ ಬಿಡಿಸಿ ಹೇಳಬೇಕು.

ಆ ಊರಿನಲ್ಲಿ ಎರಡು ವಿಶ್ವವಿದ್ಯಾಲಯಗಳು ಮೂರು ಕಿಲೋಮೀಟರ್ ಆಸುಪಾಸಿನಲ್ಲಿವೆ. ಫಿಸ್ಕ್ ಶುರುವಾಗಿದ್ದು 1866ರಲ್ಲಿ, ಗುಲಾಮಗಿರಿ ಕೊನೆಗೊಂಡ ಮರುವರ್ಷ. ಬಿಡುಗಡೆ ಹೊಂದಿದ ಜನ ಓದಲಿ ಅಂತ ಕಟ್ಟಿದ ಶಾಲೆ ಅದು. ಐದೇ ವರ್ಷಕ್ಕೆ ದುಡ್ಡಿಲ್ಲದೆ ಮುಚ್ಚುವ ಹಾಗಾದಾಗ ವಿದ್ಯಾರ್ಥಿಗಳೇ ಊರೂರು ತಿರುಗಿ ಹಾಡಿ ಹಣ ತಂದರು. ವ್ಯಾಂಡರ್‌ಬಿಲ್ಟ್ ಹುಟ್ಟಿದ್ದು 1873ರಲ್ಲಿ, ಸಿರಿವಂತನ ಕೊಡುಗೆಯಿಂದ. ಅಲ್ಲಿ ಪದವಿ ತರಗತಿಗೆ ಕಪ್ಪು ವಿದ್ಯಾರ್ಥಿಗಳು ಕಾಲಿಡಲು 1964ರವರೆಗೆ ಕಾಯಬೇಕಾಯಿತು. 1960ರಲ್ಲಿ ಊಟದಂಗಡಿಗಳಲ್ಲಿ ಬಣ್ಣಭೇದದ ವಿರುದ್ಧ ಧರಣಿ ನಡೆದಾಗ, ಆ ಹುಡುಗರಿಗೆ ಅಹಿಂಸೆಯ ತರಬೇತಿ ಕೊಟ್ಟ, ತನ್ನಲ್ಲೇ ಸ್ನಾತಕೋತ್ತರ ಮಟ್ಟದ ಧರ್ಮಶಾಸ್ತ್ರ ಓದುತ್ತಿದ್ದ ಕಪ್ಪು ವಿದ್ಯಾರ್ಥಿ ಜೇಮ್ಸ್ ಲಾಸನ್ ಅವರನ್ನು ವ್ಯಾಂಡರ್‌ಬಿಲ್ಟ್ ಹೊರಹಾಕಿತು. ಧರಣಿ ಕೂತವರಲ್ಲಿ ಫಿಸ್ಕ್ ವಿದ್ಯಾರ್ಥಿಗಳೂ ಇದ್ದರು. ಹೀಗೆ ಅಕ್ಕಪಕ್ಕದಲ್ಲಿದ್ದೂ ದೂರವಿದ್ದವರು 2004ರಲ್ಲಿ ಒಂದು ಸೇತುವೆ ಕಾರ್ಯಕ್ರಮ ಕಟ್ಟಿದರು. ವ್ಯಾಂಡರ್‌ಬಿಲ್ಟ್ ಕಡೆಯಿಂದ ಖಗೋಳ ವಿಜ್ಞಾನಿ ಕೀವನ್ ಸ್ಟಾಸನ್, ಫಿಸ್ಕ್ ಕಡೆಯಿಂದ ಭೌತ ವಿಜ್ಞಾನಿ ಆರ್ನಲ್ಡ್ ಬರ್ಗರ್ ಅದರ ಮುಂಚೂಣಿಯಲ್ಲಿದ್ದರು.

ಏರ್ಪಾಡು ಸರಳ. ವಿದ್ಯಾರ್ಥಿ ಮೊದಲು ಫಿಸ್ಕ್‌ನಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಮಾಡುತ್ತಾನೆ, ಆಮೇಲೆ ಪಿಎಚ್‌.ಡಿ.ಗೆ ವ್ಯಾಂಡರ್‌ಬಿಲ್ಟ್‌ಗೆ ಹೋಗುತ್ತಾನೆ, ಅಥವಾ ಬೇರೆ ಕಡೆಗೂ ಹೋಗಬಹುದು. ಆ ಎರಡು ವರ್ಷದಲ್ಲೇ ವ್ಯಾಂಡರ್‌ಬಿಲ್ಟ್‌ನ ಲ್ಯಾಬುಗಳಲ್ಲಿ ಕೆಲಸ ಮಾಡುತ್ತಾನೆ, ಎರಡೂ ಕಡೆ ಮಾರ್ಗದರ್ಶಕರಿರುತ್ತಾರೆ. ಸ್ನಾತಕೋತ್ತರದಿಂದಲೇ ಶುರುವಾಗಲು ಕಾರಣವೂ ಇದೆ. ಅಮೆರಿಕದಲ್ಲಿ ಬಿಳಿಯ ವಿದ್ಯಾರ್ಥಿಗಳು ಹೆಚ್ಚಾಗಿ ಪದವಿ ಮುಗಿಸಿ ನೇರ ಪಿಎಚ್‌.ಡಿ.ಗೆ ಸೇರುತ್ತಾರೆ. ಕಪ್ಪು ವಿದ್ಯಾರ್ಥಿಗಳು ನಡುವೆ ಸ್ನಾತಕೋತ್ತರ ಪದವಿ ಮಾಡಿಕೊಂಡು ಹೋಗುವುದು ಜಾಸ್ತಿ. ಅವರು ಆಗಲೇ ನಡೆಯುತ್ತಿದ್ದ ದಾರಿಯನ್ನೇ ಇವರು ಗಟ್ಟಿ ಮಾಡಿದರು. ಪದವಿ ಕೊಡುವುದು ಫಿಸ್ಕ್, ಹಾಗಾಗಿ ಆ ಎರಡು ವರ್ಷದ ಸಾಧನೆ ಫಿಸ್ಕ್ ಲೆಕ್ಕಕ್ಕೇ ಬರುತ್ತದೆ. ಕೆಲವೇ ವರ್ಷಗಳಲ್ಲಿ, ಕಪ್ಪು ಅಮೆರಿಕನ್ನರಿಗೆ ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಕೊಡುವುದರಲ್ಲಿ ಆ ಪುಟ್ಟ ಸಂಸ್ಥೆ ದೇಶದ ಮುಂಚೂಣಿಗೆ ಬಂತು.

ನಿಮ್ಮ ಪತ್ರದಲ್ಲಿ ಒಂದು ಊಹೆ ಅಡಗಿದೆ: ಸಣ್ಣ ಕಾಲೇಜಿನಲ್ಲಿ ಇರುವುದು ಹುಡುಗರು ಮಾತ್ರ, ವಿಜ್ಞಾನ ಇರುವುದು ದೊಡ್ಡವರ ಬಳಿ ಅಂತ. ಇದನ್ನು ನಾನು ಒಪ್ಪುವುದಿಲ್ಲ. ಫಿಸ್ಕ್‌ನಲ್ಲಿ ಹರಳು ಬೆಳೆಸುವ ಲ್ಯಾಬ್ ಇದೆ. ಬರ್ಗರ್ ಅವರ ತಂಡ ಅಲ್ಲಿ ಬೆಳೆಸಿದ ಹರಳುಗಳಲ್ಲಿ ಒಂದು ಯುರೋಪಿಯಂ ಬೆರೆಸಿದ ಸ್ಟ್ರಾಂಶಿಯಂ ಅಯೋಡೈಡ್. ಗಾಮಾ ಕಿರಣ ತಾಗಿದರೆ ಅದು ಮಿನುಗುತ್ತದೆ. ಮಿನುಗು ಎಷ್ಟು ಎಂದು ಅಳೆದರೆ ಕಿರಣದ ಶಕ್ತಿ ಗೊತ್ತಾಗುತ್ತದೆ, ಅದರಿಂದ ಅದು ಯಾವ ವಿಕಿರಣ ವಸ್ತುವಿನಿಂದ ಬಂತು ಅಂತ ಹೇಳಬಹುದು. ಆದರೆ ಈ ಉಪ್ಪು ಗಾಳಿಯ ತೇವ ಕಂಡರೆ ಸಾಕು, ಹೀರಿಕೊಂಡು ಹಾಳಾಗುತ್ತದೆ. ಒಣ ಗಾಳಿಯ ಪೆಟ್ಟಿಗೆಯೊಳಗೆ ಕೈಗವಸಿನಿಂದಲೇ ಮುಟ್ಟಬೇಕು, ಕೊಳವೆಯಲ್ಲಿ ಮುಚ್ಚಿ ಕರಗಿಸಬೇಕು, ಬಿರುಕು ಬಿಡದ ಹಾಗೆ ನಿಧಾನಕ್ಕೆ ತಣಿಸಬೇಕು. ಅವಸರ ಮಾಡಿದರೆ ಕೆಟ್ಟಿತು. ಈ ಕೆಲಸದಲ್ಲಿ ಲಾರೆನ್ಸ್ ಲಿವರ್‌ಮೋರ್‌ನಂಥ ರಾಷ್ಟ್ರೀಯ ಪ್ರಯೋಗಾಲಯ ಫಿಸ್ಕ್ ಜೊತೆ ಕೈಜೋಡಿಸಿತು.

ಅದಕ್ಕೂ ಹಿಂದಿನದು ಎಲ್ಮರ್ ಐಮ್ಸ್ ಅವರ ಕಥೆ. ಫಿಸ್ಕ್‌ನಲ್ಲೇ ಓದಿದವರು, 1918ರಲ್ಲಿ ಮಿಶಿಗನ್‌ನಲ್ಲಿ ಪಿಎಚ್‌.ಡಿ. ಪಡೆದವರು. ಅಮೆರಿಕದಲ್ಲಿ ಭೌತಶಾಸ್ತ್ರದ ಪಿಎಚ್‌.ಡಿ. ಪಡೆದ ಎರಡನೆಯ ಕಪ್ಪು ವ್ಯಕ್ತಿ. ಹೈಡ್ರೋಜನ್ ಕ್ಲೋರೈಡ್‌ನಂಥ ಅನಿಲಗಳು ಅವಗೆಂಪು ಬೆಳಕನ್ನು ಹೀರುವ ಪಟ್ಟಿಗಳನ್ನು ಅವರು ಸೂಕ್ಷ್ಮವಾಗಿ ಬಿಡಿಸಿ ನೋಡಿದರು. ಅಣುಗಳ ತಿರುಗಾಟಕ್ಕೂ ಮೆಟ್ಟಿಲು ಮೆಟ್ಟಿಲಾದ ಶಕ್ತಿಯಿದೆ ಅನ್ನುವುದು ಅದರಿಂದ ಗಟ್ಟಿಯಾಯಿತು. ಇಂಥವರು 1930ರಲ್ಲಿ ಫಿಸ್ಕ್‌ಗೆ ವಾಪಸ್ ಬಂದು ಭೌತಶಾಸ್ತ್ರ ವಿಭಾಗವನ್ನು ಮುನ್ನಡೆಸಿದರು. ರಸಾಯನಶಾಸ್ತ್ರದಲ್ಲೂ ಹಾಗೇ, ಆ ವಿಷಯದಲ್ಲಿ ಪಿಎಚ್‌.ಡಿ. ಪಡೆದ ಮೊದಲ ಕಪ್ಪು ಅಮೆರಿಕನ್ ಸೇಂಟ್ ಎಲ್ಮೋ ಬ್ರೇಡಿ ಅಲ್ಲೇ ಓದಿ ಅಲ್ಲೇ ಕಲಿಸಿದರು. 2004ರಲ್ಲಿ ವ್ಯಾಂಡರ್‌ಬಿಲ್ಟ್ ಬಾಗಿಲು ತಟ್ಟಿದ್ದು ಇಂಥ ಮನೆಯದು.

ಇನ್ನು ಅಂಕದ ಮಾತು. ಈ ಕಾರ್ಯಕ್ರಮ ಜಿಆರ್‌ಇ ಅನ್ನುವ ಪ್ರವೇಶ ಪರೀಕ್ಷೆಯ ಅಂಕ ಕೇಳಲಿಲ್ಲ, ನಿಜ. ಅದರ ಬದಲು ಸಂದರ್ಶನ ಇತ್ತು. ಅಷ್ಟಕ್ಕೇ ಬಿಡಲಿಲ್ಲ. ಸ್ನಾತಕೋತ್ತರ ಓದುವಾಗಲೇ ವ್ಯಾಂಡರ್‌ಬಿಲ್ಟ್‌ನ ಪಿಎಚ್‌.ಡಿ. ಮಟ್ಟದ ಒಂದು ಮುಖ್ಯ ಕೋರ್ಸನ್ನಾದರೂ ಅಲ್ಲಿನ ವಿದ್ಯಾರ್ಥಿಗಳ ಜೊತೆ ಕೂತು ಪಾಸು ಮಾಡಬೇಕು. ಕೆಲವು ಗಂಟೆಯ ಪರೀಕ್ಷೆಗಿಂತ ಇದು ಕಠಿಣ ಅಲ್ವಾ? 2014ರಲ್ಲಿ ಸ್ಟಾಸನ್ ಮತ್ತು ಕೇಸಿ ಮಿಲ್ಲರ್ 'ನೇಚರ್' ಪತ್ರಿಕೆಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಅಲ್ಲಿಯವರೆಗೆ ಸೇರಿದ 67 ಮಂದಿಯಲ್ಲಿ ಶೇ 81ರಷ್ಟು ಜನ ಪಿಎಚ್‌.ಡಿ. ಮುಗಿಸಿದ್ದರು ಅಥವಾ ಅದರ ದಾರಿಯಲ್ಲಿ ಚೆನ್ನಾಗಿ ಸಾಗಿದ್ದರು. ಕಾರ್ಯಕ್ರಮ ಕಟ್ಟಿದವರೇ ಕೊಟ್ಟ ಲೆಕ್ಕ ಇದು, ಆ ಎಚ್ಚರ ಇರಲಿ. ಆದರೂ ಗುಣಮಟ್ಟ ಕುಸಿಯಿತು ಅನ್ನುವ ಮಾತಿಗೆ ಇದರಲ್ಲಿ ಜಾಗ ಕಾಣುವುದಿಲ್ಲ.

ಹಣದ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಪಕ್ಷ. ಅದೇ ನ್ಯಾಶ್‌ವಿಲ್‌ನಲ್ಲಿ ಟೆನೆಸ್ಸಿ ಸ್ಟೇಟ್ ಅನ್ನುವ ಇನ್ನೊಂದು ಕಪ್ಪು ವಿಶ್ವವಿದ್ಯಾಲಯವಿದೆ, ಸರ್ಕಾರದ್ದು. 1987ರಿಂದ 2020ರವರೆಗೆ ಅದಕ್ಕೆ ಸುಮಾರು 210 ಕೋಟಿ ಡಾಲರ್ ಕಡಿಮೆ ಬಂದಿದೆ ಅಂತ 2023ರಲ್ಲಿ ಅಮೆರಿಕದ ಶಿಕ್ಷಣ ಮತ್ತು ಕೃಷಿ ಇಲಾಖೆಗಳ ಮುಖ್ಯಸ್ಥರೇ ಆ ರಾಜ್ಯದ ಗವರ್ನರ್‌ಗೆ ಬರೆದರು. ಇಷ್ಟು ದೊಡ್ಡ ಬಾಕಿಯನ್ನು ಯಾವ ಸಹಯೋಗವೂ ತುಂಬಲಾರದು. ಸಹಯೋಗ ಇದೆಯಲ್ಲ ಅಂತ ಸರ್ಕಾರ ಕೈತೊಳೆದುಕೊಂಡರೆ ಅದು ಅನ್ಯಾಯ. ಮೇಲಾಗಿ 2025ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಇಂಥ ತರಬೇತಿಗೆ ಕೊಟ್ಟಿದ್ದ ಹಲವು ಅನುದಾನಗಳನ್ನು ನಡುವೆಯೇ ರದ್ದು ಮಾಡಿತು. ಅನುದಾನ ನಿಂತಾಗ ದೊಡ್ಡ ಸಂಸ್ಥೆಗೆ ಬೇರೆ ಆಸರೆಗಳಿರುತ್ತವೆ, ಸಣ್ಣದಕ್ಕೆ ಇರುವುದಿಲ್ಲ. ಓದುವ ಹುಡುಗಿಯ ತಿಂಗಳ ಸಂಬಳ ಅದರಿಂದಲೇ ಬರುತ್ತಿತ್ತು ಅನ್ನುವುದು ನೆನಪಾದರೆ ನನಗೆ ಸಂಕಟವಾಗುತ್ತದೆ.

ನಿಮ್ಮ ಕರಡಿಗೆ ಬರುತ್ತೇನೆ. ಎರಡು ಸಲ ಓದಿದೆ. ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಅವರ ಲ್ಯಾಬಿಗೆ ಹೋಗಬಹುದು ಅಂತಿದೆ, ಒಳ್ಳೆಯದೇ. ಆದರೆ ಅದಷ್ಟಕ್ಕೇ ಆದರೆ ಈ ಒಪ್ಪಂದ ಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅವರು ನೇರವಾಗಿ ಅರ್ಜಿ ಹಾಕಬಹುದು. ಅದು ಅಧ್ಯಾಪಕರಿಗೂ ಇದೆ, ನೀವೂ ಹಾಕಿ.

ಕರಡಿನಲ್ಲಿ ನಿಮ್ಮ ಕಾಲೇಜಿನಲ್ಲಿ ಏನು ಬೆಳೆಯುತ್ತದೆ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಉಪಕರಣ ಎಲ್ಲಿ ಇಡುತ್ತಾರೆ? ಹಣ ಯಾರ ಖಾತೆಗೆ ಬರುತ್ತದೆ? ಪ್ರಬಂಧದಲ್ಲಿ ನಿಮ್ಮ ಹೆಸರು, ಕಾಲೇಜಿನ ಹೆಸರು ಬರುತ್ತದಾ? ಎಲ್ಲಕ್ಕಿಂತ ಮುಖ್ಯ, ವಾರಕ್ಕೆ ಇಪ್ಪತ್ತು ಗಂಟೆ ಪಾಠ ಮಾಡುತ್ತೇನೆ ಅಂದಿದ್ದೀರಿ. ಅದರಲ್ಲಿ ಎಂಟು ಗಂಟೆಯಾದರೂ ಬಿಡಿಸಿಕೊಡದಿದ್ದರೆ ನೀವು ಸಂಶೋಧನೆ ಮಾಡುವುದು ಯಾವಾಗ? ಆ ಗಂಟೆಗಳಿಗೆ ಬದಲಿ ಅಧ್ಯಾಪಕರ ಸಂಬಳ ಯೋಜನೆಯ ಹಣದಿಂದಲೇ ಬರಬೇಕು ಅಂತ ಬರೆಸಿ. ಒಪ್ಪಿದರೆ ಸಹಿ ಹಾಕಿ, ಒಪ್ಪದಿದ್ದರೆ ಕರಡು ವಾಪಸ್ ಕಳಿಸಿ. ಅವರು ಏನಂದರು ಅಂತ ನಮಗೂ ತಿಳಿಸಿ, ಪ್ರಕಟಿಸುತ್ತೇವೆ.