ಮೂರು ದಿನ, ಒಂದೇ ರೋಮ್, ಜೊತೆಗೆ ಅಮ್ಮ

ಪ್ರಶ್ನೆ: ದಸರಾ ರಜೆಗೆ ನಾನು, ನನ್ನ ಹೆಂಡತಿ, 68 ವರ್ಷದ ಅಮ್ಮ, ಮೂವರೂ ರೋಮ್‌ಗೆ ಹೋಗೋಣ ಅಂತಿದ್ದೇವೆ. ಯುರೋಪಿಗೆ ಎಲ್ಲರದೂ ಮೊದಲ ಸಲ. ಸುತ್ತಾಡಲು ಸಿಗುವುದು ಪೂರ್ತಿ ಮೂರು ದಿನ. ರೋಮ್ ಒಂದೇ ದಿನಕ್ಕೆ ಮುಗಿಯುತ್ತದೆ, ಉಳಿದ ಎರಡು ದಿನದಲ್ಲಿ ಫ್ಲಾರೆನ್ಸ್, ವೆನಿಸ್ ಎರಡನ್ನೂ ನೋಡಿ ಬನ್ನಿ ಅಂತ ನನ್ನ ಷಡ್ಡಕರು ಒಂದೇ ಸಮ ಹೇಳುತ್ತಿದ್ದಾರೆ. ನೀವೇನಂತೀರಿ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಷಡ್ಡಕರ ಮೇಲೆ ನನಗೇನೂ ಕೋಪ ಇಲ್ಲ. ಆದರೆ ಈ ವಿಷಯದಲ್ಲಿ ಅವರ ಮಾತು ಕೇಳಬೇಡಿ. ರೋಮ್‌ನಿಂದ ಫ್ಲಾರೆನ್ಸ್‌ಗೆ ಫಾಸ್ಟ್ ಟ್ರೈನಿನಲ್ಲಿ ಒಂದೂವರೆ ಗಂಟೆ, ವೆನಿಸ್‌ಗೆ ಸುಮಾರು ನಾಲ್ಕು ಗಂಟೆ, ಅದು ನಿಜವೇ. ಆದರೆ ರೂಮ್ ಖಾಲಿ ಮಾಡುವುದು, ಸೂಟ್‌ಕೇಸ್ ಎಳೆಯುವುದು, ಪ್ಲಾಟ್‌ಫಾರ್ಮ್ ಹುಡುಕುವುದು, ಇಳಿದ ಊರಲ್ಲಿ ಲಗೇಜ್ ಎಲ್ಲಿಡುವುದು ಅಂತ ಪರದಾಡುವುದು, ಮಧ್ಯೆ ಅಮ್ಮನಿಗೆ ಬಾತ್‌ರೂಮ್ ಬೇಕಾಗುವುದು, ಇದನ್ನೆಲ್ಲ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರು ದಿನಕ್ಕೆ ಮೂರು ಊರು ಅಂದರೆ ನೀವು ಚೆನ್ನಾಗಿ ನೋಡಿ ಬರುವುದು ಮೂರು ರೈಲ್ವೆ ಸ್ಟೇಷನ್ ಅಷ್ಟೇ. ರೋಮ್ ಒಂದೇ ಸಾಕು. ಅದರಲ್ಲೂ ದಿನಕ್ಕೆ ಒಂದೇ ಟಿಕೆಟ್ ಬುಕ್ ಮಾಡಿ, ಉಳಿದ ಹೊತ್ತು ಸುಮ್ನೆ ಓಡಾಡಿ.

ಮೊದಲು ವೀಸಾ. ಇಟಲಿಗೆ ಬೇಕಾಗುವುದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಅದಕ್ಕೆ ಪ್ರಯಾಣದ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕೊನೇ ಪಕ್ಷ 15 ದಿನ ಮುಂಚೆ ಹಾಕಲೇಬೇಕು. ಆ ಕೊನೇ 15 ದಿನದ ಲೆಕ್ಕ ನಂಬಿಕೊಂಡು ಕೂರಬೇಡಿ, ರಜೆ ಸೀಸನ್ನಿನಲ್ಲಿ ಅಪಾಯಿಂಟ್‌ಮೆಂಟೇ ಸಿಗುವುದಿಲ್ಲ. ದೊಡ್ಡವರಿಗೆ ಫೀಸು 90 ಯೂರೋ, ಅರ್ಜಿ ಕೇಂದ್ರದ ಚಾರ್ಜು ಬೇರೆ. ವೀಸಾ ಕೊಡದಿದ್ದರೂ ಈ ದುಡ್ಡು ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಅಮ್ಮನಿಗೆ ಬಿಪಿ, ಶುಗರ್ ಇದ್ದರೆ ಮೊದಲೇ ಇರುವ ಕಾಯಿಲೆಗೆ ಪಾಲಿಸಿ ಏನು ಹೇಳುತ್ತದೆ ಅನ್ನುವುದನ್ನು ಸಣ್ಣಕ್ಷರದಲ್ಲಿ ಇದ್ದರೂ ಓದಿ. ಹೋಟೆಲನ್ನು ಕ್ಯಾನ್ಸಲ್ ಮಾಡಬಹುದಾದ ರೇಟಿನಲ್ಲೇ ಬುಕ್ ಮಾಡಿ.

ಹೋಟೆಲ್ ಎಲ್ಲಿ ಅಂದರೆ, ಮೋಂತಿ ಅನ್ನುವ ಏರಿಯಾ ನೋಡಿ. ಮೆಟ್ರೋ ಇದೆ, ಕೊಲೋಸಿಯಂ ನಡೆಯುವ ದೂರ. ಬುಕ್ ಮಾಡುವ ಮುಂಚೆ ಲಿಫ್ಟ್ ಇದೆಯಾ ಅಂತ ಕೇಳಿ. ಹಳೇ ಕಟ್ಟಡಗಳು, ಎಷ್ಟೋ ಕಡೆ ಇರುವುದಿಲ್ಲ. ನಾನು ಮೊದಲ ಸಲ ಹೋದಾಗ ಕಡಿಮೆ ಬಾಡಿಗೆಗೆ ಆಸೆಪಟ್ಟು ನಾಲ್ಕನೇ ಮಹಡಿಯ ರೂಮ್ ಹಿಡಿದಿದ್ದೆ. ರೋಮ್‌ನ ರಸ್ತೆಗೆ ಸಾಂಪಿಯೆತ್ರೀನಿ ಅನ್ನುವ ಕರಿ ಕಲ್ಲುಗಳನ್ನು ಹಾಸಿರುತ್ತಾರೆ, ನಮ್ಮ ಹಳೇ ಹಿತ್ತಲಿನ ಕಲ್ಲುಚಪ್ಪಡಿ ಅಲ್ಲ, ಒಂದು ಹಿಡಿಯಷ್ಟು ದಪ್ಪದ ಕಲ್ಲು, ಮಧ್ಯೆ ಸಂದು. ಆ ಸಂದಿಗೆ ನನ್ನ ಸೂಟ್‌ಕೇಸಿನ ಚಕ್ರ ಸಿಕ್ಕಿ, ಎಳೆದಾಗ ಚಕ್ರ ಅಲ್ಲೇ ಉಳಿಯಿತು, ಪೆಟ್ಟಿಗೆ ಮಾತ್ರ ನನ್ನ ಜೊತೆ ಬಂತು. ಆಮೇಲೆ ಅದನ್ನು ತಲೆ ಮೇಲೆ ಹೊತ್ತು ನಾಲ್ಕು ಮಹಡಿ ಹತ್ತಿದೆ. ನೀವು ಹಾಗೆ ಮಾಡಬೇಡಿ. ಅಂದ ಹಾಗೆ, ರೂಮ್ ಬಾಡಿಗೆ ಕಟ್ಟಿದ್ದರೂ ಸಿಟಿ ಟ್ಯಾಕ್ಸ್ ಅಂತ ಒಬ್ಬೊಬ್ಬರಿಗೆ ಒಂದು ರಾತ್ರಿಗೆ ಇಷ್ಟು ಅಂತ ಅಲ್ಲೇ ಬೇರೆ ವಸೂಲಿ ಮಾಡುತ್ತಾರೆ, ಮೋಸ ಅಂದುಕೊಂಡು ಜಗಳಕ್ಕೆ ನಿಲ್ಲಬೇಡಿ.

ಫ್ಯೂಮಿಚೀನೋ ಏರ್‌ಪೋರ್ಟಿನಿಂದ ಊರೊಳಗೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ಅನ್ನುವ ಟ್ರೈನ್ 32 ನಿಮಿಷಕ್ಕೆ ತೆರ್ಮಿನಿ ಸ್ಟೇಷನ್ನಿಗೆ ತಲುಪಿಸುತ್ತದೆ, ತಲೆಗೆ 14 ಯೂರೋ. ಮೂವರಿಗೆ 42. ಅಲ್ಲಿಂದ ಹೋಟೆಲಿಗೆ ಮತ್ತೆ ಟ್ಯಾಕ್ಸಿ. ಅದರ ಬದಲು ಏರ್‌ಪೋರ್ಟಿನಲ್ಲೇ ಸರ್ಕಾರಿ ಲೈಸೆನ್ಸಿನ ಬಿಳಿ ಟ್ಯಾಕ್ಸಿ ಹಿಡಿದರೆ ಹಳೇ ಕೋಟೆ ಗೋಡೆಯ ಒಳಗಿನ ಊರಿಗೆ ಫಿಕ್ಸೆಡ್ ರೇಟು, 55 ಯೂರೋ, ಲಗೇಜೂ ಸೇರಿ. ಅಮ್ಮ ಜೊತೆಗಿದ್ದಾರೆ ಅಂದಮೇಲೆ ಯೋಚನೆಯೇ ಬೇಡ. ಒಳಗೆ ಬಾಗಿಲ ಹತ್ತಿರವೇ ಬಂದು "ಟ್ಯಾಕ್ಸಿ, ಟ್ಯಾಕ್ಸಿ" ಅನ್ನುವವರ ಹಿಂದೆ ಹೋಗಬೇಡಿ, ಮೆಜೆಸ್ಟಿಕ್‌ನಲ್ಲಿ ಇಳಿದು ಅಭ್ಯಾಸ ಇರುವವರಿಗೆ ಇದನ್ನು ಹೇಳಿಕೊಡಬೇಕಾ?

ಈಗ ದಿನಗಳು. ಅಕ್ಟೋಬರಿನಲ್ಲಿ ರೋಮ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಂದರೆ ಬೆಂಗಳೂರಲ್ಲಿ ಬೆಳಿಗ್ಗೆ ಆರಕ್ಕೆ ಏಳುವ ಅಮ್ಮ ಅಲ್ಲಿ ರಾತ್ರಿ ಎರಡೂವರೆಗೆ ಎದ್ದು ದೀಪ ಹಾಕಿ ಕೂರುತ್ತಾರೆ. ಇದನ್ನೇ ಲಾಭ ಮಾಡಿಕೊಳ್ಳಿ. ಮೊದಲ ದಿನ ಬೆಳಕು ಹರಿಯುವ ಹೊತ್ತಿಗೆ ತ್ರೇವಿ ಕಾರಂಜಿ ಹತ್ತಿರ ಇರಿ. ಹತ್ತು ಗಂಟೆಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಏಳಕ್ಕೆ ಮುಂಚೆ ಹೋದರೆ ನೀರಿನ ಸದ್ದು ಕೇಳುತ್ತದೆ. ಅವತ್ತೇ ಕೊಲೋಸಿಯಂ. ಟಿಕೆಟ್ ಮೇಲೆ ಹೆಸರು ಇರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ, ಬುಕ್ ಮಾಡಿದ ಸಮಯಕ್ಕೇ ಹೋಗಿ. ಒಳಗೆ ಲಿಫ್ಟ್ ಇದೆ. ಪಕ್ಕದ ಫೋರಂ, ಅಂದರೆ ಹಳೇ ರೋಮ್‌ನ ಅವಶೇಷಗಳಿರುವ ಬಯಲು, ಅದೇ ಟಿಕೆಟ್ಟಿನಲ್ಲಿ ಬರುತ್ತದೆ ಅಂತ ಅಮ್ಮನನ್ನು ಎಳೆದುಕೊಂಡು ಹೋಗಬೇಡಿ, ನೆರಳು ಕಡಿಮೆ, ಕಲ್ಲು ಏರುಪೇರು. ನೀವಿಬ್ಬರಲ್ಲಿ ಒಬ್ಬರು ಅವರ ಜೊತೆ ಕಾಫಿ ಕುಡಿಯುತ್ತಾ ಕೂತರೆ ಏನೂ ನಷ್ಟ ಇಲ್ಲ.

ಎರಡನೇ ದಿನ ವ್ಯಾಟಿಕನ್. ಹೆಚ್ಚುಕಡಿಮೆ ನಮ್ಮ ಲಾಲ್‌ಬಾಗಿನ ಅರ್ಧದಷ್ಟಿರುವ ದೇಶ, ಆದರೆ ಮ್ಯೂಸಿಯಂ ಒಳಗೆ ನಡೆದು ನಡೆದು ಕಾಲು ಬಿದ್ದುಹೋಗುತ್ತದೆ. ಭಾನುವಾರ ಮುಚ್ಚಿರುತ್ತದೆ, ತಿಂಗಳ ಕೊನೇ ಭಾನುವಾರ ಮಾತ್ರ ಫ್ರೀ ಬಿಡುತ್ತಾರೆ, ಅವತ್ತಿನ ನೂಕುನುಗ್ಗಲು ನಿಮಗೆ ಬೇಡ. ನಾನು ಇದನ್ನು ನೋಡಿಕೊಳ್ಳದೆ ಭಾನುವಾರ ಹೋಗಿ ಗೋಡೆ ನೋಡಿಕೊಂಡು ಬಂದವನು. ಮೈಕೆಲೆಂಜೆಲೊ 1508ರಿಂದ 1512ರವರೆಗೆ ಚಿತ್ರ ಬರೆದ ಸಿಸ್ಟೀನ್ ಚಾಪೆಲ್‌ನ ಸೂರು ಬರುವುದು ದಾರಿಯ ಕೊನೆಗೆ, ಅಲ್ಲಿಗೆ ಬರುವಷ್ಟರಲ್ಲಿ ಎಲ್ಲರಿಗೂ ಸುಸ್ತು. ಆದ್ದರಿಂದ ಶುರುವಿನ ಕೋಣೆಗಳಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಚಾಪೆಲ್ ಒಳಗೆ ಫೋಟೊ ತೆಗೆಯುವಂತಿಲ್ಲ. ಸೇಂಟ್ ಪೀಟರ್ಸ್ ಚರ್ಚಿಗೆ ಪ್ರವೇಶ ಉಚಿತ, ಗುಮ್ಮಟದ 551 ಮೆಟ್ಟಿಲು ಅಮ್ಮನಿಗೆ ಬೇಡವೇ ಬೇಡ. ಲಿಫ್ಟ್ ತೆಗೆದುಕೊಂಡರೂ ಆಮೇಲೆ 320 ಹತ್ತಬೇಕು. ಮೂರನೇ ದಿನ ಟಿಕೆಟ್ ಗಿಕೆಟ್ ಏನೂ ಬೇಡ. ನಡೆಯಿರಿ, ಕೂರಿ, ಮತ್ತೆ ನಡೆಯಿರಿ. ಸ್ಪ್ಯಾನಿಷ್ ಸ್ಟೆಪ್ಸ್ ಅನ್ನುವ ಹೆಸರಾದ ಮೆಟ್ಟಿಲುಗಳ ಮೇಲೆ ಮಾತ್ರ ಕೂರಬೇಡಿ, 2019ರಿಂದ ದಂಡ ಹಾಕುತ್ತಾರೆ.

ಕುಡಿಯುವ ನೀರಿಗೆ ದುಡ್ಡು ಕೊಡಬೇಡಿ. ಬೀದಿ ಬೀದಿಯಲ್ಲಿ ನಾಸೋನಿ ಅನ್ನುವ ಕಬ್ಬಿಣದ ನಲ್ಲಿಕಂಬಗಳಿವೆ, ನಾಸೋನಿ ಅಂದರೆ ದೊಡ್ಡ ಮೂಗು. ಹಗಲೂ ರಾತ್ರಿ ನೀರು ಹರಿಯುತ್ತಲೇ ಇರುತ್ತದೆ, ಟ್ಯಾಂಕರ್ ನೀರಿಗೆ ಕಾದು ಗೊತ್ತಿರುವ ನಮಗೆ ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಮೂಗಿನ ತುದಿಯನ್ನು ಬೆರಳಲ್ಲಿ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು.

ಪ್ರಶ್ನೆ: ರೋಮ್‌ನಲ್ಲಿ ಶುದ್ಧ ಸಸ್ಯಾಹಾರಿಗಳ ಗತಿ ಏನು? ಕಾಫಿ ನಮಗೆ ಒಗ್ಗುತ್ತದಾ?
– ಗೃಹಿಣಿ, ಮಲ್ಲೇಶ್ವರ

ಉತ್ತರ: ಕಾಫಿ ವಿಷಯದಲ್ಲಿ ನಿಮಗೆ ಊರು ಬಿಟ್ಟು ಬಂದ ಹಾಗೇ ಅನ್ನಿಸುವುದಿಲ್ಲ, ಯಾಕಂದರೆ ಅಲ್ಲಿನ ಬಾರ್ ಅಂದರೆ ನಮ್ಮ ದರ್ಶಿನಿಯೇ. ಎಷ್ಟೋ ಕಡೆ ಮೊದಲು ಕ್ಯಾಷ್ ಕೌಂಟರಿನಲ್ಲಿ ದುಡ್ಡು ಕೊಡಬೇಕು, ಚೀಟಿ ತಗೊಳ್ಳಬೇಕು, ಅದನ್ನು ಕಾಫಿ ಮಾಡುವವನ ಮುಂದೆ ಇಡಬೇಕು, ನಿಂತೇ ಕುಡಿಯಬೇಕು. ಕೂತರೆ ರೇಟು ಜಾಸ್ತಿ. ಹಾಲು ಹಾಕಿದ ಕಾಫಿ ಬೇಕಾದರೆ ಕಪುಚೀನೋ ಅಥವಾ ಕಫೆಲಾತ್ತೆ ಅನ್ನಿ. ಬರೀ "ಲಾತ್ತೆ" ಅಂದರೆ ಒಂದು ಲೋಟ ಹಾಲು ತಂದಿಡುತ್ತಾರೆ.

ಊಟಕ್ಕೆ ತೊಂದರೆ ಇಲ್ಲ, ಎಚ್ಚರ ಬೇಕು. ಕತ್ತರಿಯಲ್ಲಿ ಕತ್ತರಿಸಿ ತೂಕ ಹಾಕಿ ಕೊಡುವ ಪಿಜ್ಜಾ ಅಂಗಡಿಗಳಿವೆ, ಎಷ್ಟು ಬೇಕು ಅಂತ ಕೈಯಲ್ಲಿ ತೋರಿಸಿದರೆ ಆಯಿತು. ಹಳೇ ಯಹೂದಿ ಕೇರಿಯಲ್ಲಿ ಪಲ್ಲೆಹೂವನ್ನು (ಆರ್ಟಿಚೋಕ್) ಇಡಿಯಾಗಿ ಎಣ್ಣೆಯಲ್ಲಿ ಕರಿದು ಕೊಡುತ್ತಾರೆ, ಎಸಳು ಹಪ್ಪಳದ ಹಾಗೆ ಮುರಿಯುತ್ತದೆ, ಬಿಡಬೇಡಿ. ಸುಪ್ಲೀ ಅನ್ನುವ ಅನ್ನದ ಬೋಂಡಾ ನೋಡಿ ಮೋಸಹೋಗಬೇಡಿ, ಎಷ್ಟೋ ಸಲ ಒಳಗೆ ಮಾಂಸದ ಸಾಸ್ ಇರುತ್ತದೆ. ಪುಂತರೆಲ್ಲೆ ಅನ್ನುವ ಸೊಪ್ಪಿನ ಸಲಾಡಿಗೂ ಮೀನು ಅರೆದು ಹಾಕುತ್ತಾರೆ! ಕಾಚೋ ಎ ಪೆಪೆ ಅನ್ನುವ ಮೆಣಸು-ಚೀಸ್ ಪಾಸ್ತಾದ ಪೆಕೊರಿನೊ ಚೀಸನ್ನು ಮಾಡುವಾಗ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ, ಅದು ನಡೆಯುತ್ತದಾ ಇಲ್ಲವಾ ಅನ್ನುವುದು ನಿಮಗೆ ಬಿಟ್ಟಿದ್ದು. ಚಟ್ನಿಪುಡಿ, ಹುರಿದ ಅವಲಕ್ಕಿ ಧಾರಾಳವಾಗಿ ಒಯ್ಯಿರಿ. ತುಪ್ಪ, ಪೇಡ ಮನೆಯಲ್ಲೇ ಇರಲಿ, ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಯೂನಿಯನ್ ಒಪ್ಪುವುದಿಲ್ಲ.

ಪ್ರಶ್ನೆ: ಸೀರೆ ಉಟ್ಟುಕೊಂಡು ಓಡಾಡಬಹುದಾ? ಮಗಳು ಬೇಡ ಅನ್ನುತ್ತಾಳೆ.
– ನಿವೃತ್ತ ಶಿಕ್ಷಕಿ, ಬಸವನಗುಡಿ

ಉತ್ತರ: ಧಾರಾಳವಾಗಿ. ಚರ್ಚುಗಳ ಒಳಗೆ ಭುಜ, ಮಂಡಿ ಮುಚ್ಚಿರಬೇಕು ಅನ್ನುವ ನಿಯಮ ಇದೆ, ಚಡ್ಡಿ ಹಾಕಿಕೊಂಡು ಬಂದವರನ್ನು ಬಾಗಿಲಲ್ಲೇ ತಡೆಯುತ್ತಾರೆ, ನಿಮ್ಮ ಸೆರಗಿಗೆ ಆ ಚಿಂತೆ ಇಲ್ಲ. ಮಗಳೇ ಒಂದು ದುಪಟ್ಟಾ ಇಟ್ಟುಕೊಳ್ಳಲಿ. ಆದರೆ ಕಾಲಿಗೆ ಮಾತ್ರ ಷೂ, ಸೀರೆ ಒಂದು ಬೆರಳು ಮೇಲೆ.

ಪ್ರಶ್ನೆ: ದುಡ್ಡು ಹೇಗೆ ಒಯ್ಯುವುದು?
– ವಿದ್ಯಾರ್ಥಿ, ವಿಜಯನಗರ

ಉತ್ತರ: ಮೊದಲೇ ಯೂರೋ ತುಂಬಿಸಿಕೊಂಡು ಹೋಗುವ ಫಾರೆಕ್ಸ್ ಕಾರ್ಡ್, ಸ್ವಲ್ಪ ನಗದು. ಕಾರ್ಡ್ ಹಾಕಿದಾಗ ಮಷಿನ್ "ರೂಪಾಯಿಯಲ್ಲಾ, ಯೂರೋದಲ್ಲಾ?" ಅಂತ ಕೇಳಿದರೆ ಯೂರೋ ಒತ್ತಿ, ರೂಪಾಯಿ ಒತ್ತಿದರೆ ರೇಟಿನಲ್ಲಿ ಕೈ ಕಚ್ಚುತ್ತದೆ. ತೆರ್ಮಿನಿಯಿಂದ ವ್ಯಾಟಿಕನ್ ಕಡೆ ಹೋಗುವ 64 ನಂಬರ್ ಬಸ್ಸಿನಲ್ಲಿ ಜೇಬಿನ ಮೇಲೆ ಕೈ ಇರಲಿ, ಜೇಬುಗಳ್ಳರಿಗೆ ಅದು ಹೆಸರುವಾಸಿ.

ಪ್ರಶ್ನೆ: ಮಳೆ ಬಂದರೆ ಒಂದು ದಿನ ಹಾಳಾಗುವುದಿಲ್ಲವಾ?
– ಓದುಗರು, ಬನಶಂಕರಿ

ಉತ್ತರ: ಮಳೆ ಬಂದರೆ ಕೊಡೆ ಹಿಡಿದು ಸೀದಾ ಪ್ಯಾಂಥಿಯನ್‌ಗೆ ಹೋಗಿ. ಸುಮಾರು 1900 ವರ್ಷ ಹಳೆಯ ಕಟ್ಟಡ, ಕಬ್ಬಿಣ ಇಲ್ಲದ ಕಾಂಕ್ರೀಟ್ ಗುಮ್ಮಟ, 43 ಮೀಟರ್ ಅಗಲ. ನೆತ್ತಿಯಲ್ಲಿ ಸುಮಾರು 9 ಮೀಟರಿನ ಒಂದು ಬಯಲು ಕಂಡಿ, ಗಾಜಿಲ್ಲ, ಮುಚ್ಚಳ ಇಲ್ಲ. 2023ರಿಂದ 5 ಯೂರೋ ಟಿಕೆಟ್ ಇಟ್ಟಿದ್ದಾರೆ. ಮಳೆ ನೇರ ಒಳಗೇ ಸುರಿಯುತ್ತದೆ, ತೊಟ್ಟಿಮನೆಯ ಅಂಗಳಕ್ಕೆ ಬಿದ್ದ ಹಾಗೆ. ನೆಲ ನಡುವೆ ಕಣ್ಣಿಗೆ ಕಾಣದಷ್ಟು ಉಬ್ಬಿದೆ, ನೀರು ಇಳಿಯಲು ಅಮೃತಶಿಲೆಯಲ್ಲಿ ಸಣ್ಣ ಸಣ್ಣ ತೂತುಗಳಿವೆ. ಎಲ್ಲರೂ ತಲೆ ಎತ್ತಿ ಕಂಡಿ ನೋಡುತ್ತಿರುವಾಗ ನೀವು ಬಗ್ಗಿ ಆ ತೂತುಗಳನ್ನು ಹುಡುಕಿ.