ಮೇರಿ ಆ್ಯಂಟಿನ್ ಹೆಸರನ್ನು ಬದಲಿಸಿದವರು ಯಾರು?

ರಷ್ಯಾ ಸಾಮ್ರಾಜ್ಯದಿಂದ ಅಮೆರಿಕಕ್ಕೆ ವಲಸೆ ಬಂದ ಲೇಖಕಿ ಮೇರಿ ಆ್ಯಂಟಿನ್ ಹೆಸರನ್ನು ಎಲ್ಲಿಸ್ ದ್ವೀಪದ (ನ್ಯೂಯಾರ್ಕ್ ಬಂದರಿನ ವಲಸೆ ತಪಾಸಣಾ ಕೇಂದ್ರ) ಅಧಿಕಾರಿಗಳು ಬದಲಿಸಿದರೇ ಎಂದು ಕೇಳಿದ್ದೀರಿ. ಇಲ್ಲ. ಅವಳು ಆ ದ್ವೀಪಕ್ಕೆ ಬರಲೇ ಇಲ್ಲ. 1894ರಲ್ಲಿ ತಾಯಿ ಮತ್ತು ಒಡಹುಟ್ಟಿದವರ ಜೊತೆ ಹಡಗಿನಿಂದ ಇಳಿದದ್ದು ಬಾಸ್ಟನ್‌ನಲ್ಲಿ. ಎಲ್ಲಿಸ್ ದ್ವೀಪದಲ್ಲಿಯೂ ಅಧಿಕಾರಿಗಳ ಕೈಯಲ್ಲಿ ಇರುತ್ತಿದ್ದದ್ದು ಹಡಗು ಹೊರಟ ಕಡೆ ಬರೆದ ಪಟ್ಟಿ. ಅಲ್ಲಿನ ಅಧಿಕಾರಿಗಳು ವಲಸಿಗರ ಹೆಸರು ಬದಲಿಸಿದರು ಎಂದು ಮನೆಮನೆಗಳಲ್ಲಿ ಹೇಳುವ ಕಥೆ ಬಹುಮಟ್ಟಿಗೆ ಕಟ್ಟುಕಥೆಯೇ.

ಹೆಸರು ಬದಲಾದದ್ದು ಬಂದ ಮೇಲೆ, ಮನೆಯವರದೇ ಒಪ್ಪಿಗೆಯಿಂದ. ಮೊದಲೇ ಬಂದು ನೆಲೆಸಿದ್ದ ಪರಿಚಿತರು ಕುಳಿತು ಒಬ್ಬೊಬ್ಬರಿಗೂ ಅಮೆರಿಕನ್ ಹೆಸರು ಆರಿಸಿದರು. ಅಕ್ಕ ಫೆಚ್ಕೆ ಫ್ರೀಡಾ ಆದಳು. ಹುಟ್ಟೂರು ಪೊಲೊಟ್ಸ್ಕ್‌ನಲ್ಲಿ ಮರ್ಯಾಶೆ (ಮನೆಯಲ್ಲಿ ಮಾಷ್ಕೆ) ಆಗಿದ್ದ ಇವಳಿಗೆ ಸಿಕ್ಕಿದ್ದು ಬರೀ ‘ಮೇರಿ’. ಎಲ್ಲರಿಗೂ ಹೊಸ ಹೆಸರು, ತನಗೆ ಮಾತ್ರ ಹಳೆಯದರ ತುಂಡು ಎಂದು ಅವಳಿಗೆ ಬೇಸರವಾಯಿತಂತೆ! 1912ರ ಆತ್ಮಕಥೆಯಲ್ಲಿ ಇದನ್ನು ನಗುತ್ತಲೇ ಬರೆದಿದ್ದಾಳೆ. ಸಮಾಧಾನಕ್ಕೆ ಮನೆತನದ ಹೆಸರಿತ್ತು: ಊರಿನಲ್ಲಿ ವಿಶೇಷ ಸಂದರ್ಭಗಳಿಗೆ ಮೀಸಲಾಗಿದ್ದ ‘ಆ್ಯಂಟಿನ್’ ಅನ್ನು ಇಲ್ಲಿ ದಿನವೂ ಬಳಸಬಹುದಿತ್ತು.

ನೀವು ಕೇಳದ ಒಂದು ಮಾತು. ನನಗೆ ಹೆಸರಿಗಿಂತ ಫ್ರೀಡಾಳ ಪಾಲು ಹೆಚ್ಚು ಕಾಡುತ್ತದೆ. ತಂಗಿ ಶಾಲೆಗೆ ಸೇರಿ ಪದ್ಯ ಬರೆದಳು. ಮನೆಯ ಖರ್ಚು ತೂಗಿಸಲು ಅಕ್ಕ ಹೊಲಿಗೆಯ ಕೆಲಸಕ್ಕೆ ಹೋದಳು. ತಂಗಿ ಶಾಲೆಗೆ ಸೇರಿದಾಗ ಹಾಕಿಕೊಂಡ ಅಂಗಿಯನ್ನು ಹೊಲಿದವಳೂ ಅವಳೇ.