ಬಡಿಸಿದ ಕೈ ಕಾಣುತ್ತಿಲ್ಲ

ಪ್ರಿಯರೇ,

ನೀವು ಕಳಿಸಿದ ‘ಅಲೆಗಳ ಬೆನ್ನೇರಿ’ ಲೇಖನವನ್ನು ಕಳೆದ ವಾರ ಎರಡು ಸಲ ಓದಿದೆ. ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತ ನೀವು 2022ರ ಜುಲೈಯಲ್ಲಿ ಬೆನ್ನಿಗೊಂದು ಚೀಲ, ಕಂಕುಳಲ್ಲೊಂದು ಬೋರ್ಡ್ ಇಟ್ಟುಕೊಂಡು ಶ್ರೀಲಂಕಾದ ಪೂರ್ವ ಕರಾವಳಿಯ ಅರುಗಂ ಕೊಲ್ಲಿಗೆ ಹೋಗಿ, ಮೂರು ವಾರ ಅಲ್ಲಿ ಸುತ್ತಾಡಿ, ಗುರುತು ಪರಿಚಯವಿಲ್ಲದವರ ಮನೆಗಳಲ್ಲಿ ಉಂಡು ಮಲಗಿ ಬಂದ ಕಥನ ಅದು. ಅಲೆಗಳ ವರ್ಣನೆ ಚೆನ್ನಾಗಿದೆ. ನಮ್ಮ ಕಡಲನ್ನು ಕಲಕಿ ಕೆಡಿಸುವ ನೈರುತ್ಯ ಮಾರುತವೇ ಆ ದ್ವೀಪವನ್ನು ದಾಟಿದ ಮೇಲೆ ಪೂರ್ವದ ದಡದಲ್ಲಿ ನೆಲದಿಂದ ಕಡಲಿನ ಕಡೆಗೆ ಬೀಸಿ ಅಲೆಯ ಮುಖವನ್ನು ನಯವಾಗಿ ಎತ್ತಿ ಹಿಡಿಯುತ್ತದೆ ಎಂಬುದನ್ನು ನೀರಿಗಿಳಿಯದ ನನ್ನಂಥವರಿಗೂ ತಿಳಿಯುವಂತೆ ಬರೆದಿದ್ದೀರಿ. ಆ ಭಾಗದಲ್ಲಿ ಒಂದು ಅಕ್ಷರವನ್ನೂ ನಾನು ಮುಟ್ಟುವುದಿಲ್ಲ. ಆದರೆ ಲೇಖನವನ್ನು ಈಗಿರುವಂತೆ ಪ್ರಕಟಿಸಲು ನನ್ನಿಂದ ಆಗದು. ಕಾರಣ ನಾಲ್ಕನೆಯ ಪುಟ, ಪಾನಮ ಹಳ್ಳಿಯಲ್ಲಿ ನೀವು ಎರಡು ರಾತ್ರಿ ಕಳೆದ ಆ ಮನೆ.

“ಹಳ್ಳಿಯ ಮುಗ್ಧ ಜನರ ನಿಷ್ಕಲ್ಮಷ ಆತಿಥ್ಯಕ್ಕೆ ಮನಸ್ಸು ತುಂಬಿ ಬಂತು” ಎಂದು ಆ ಪುಟ ಶುರುವಾಗುತ್ತದೆ. ‘ಮುಗ್ಧ’ ಎಂಬ ಪದದ ಮೇಲೆ ನನಗೆ ಹಳೆಯ ಸಿಟ್ಟಿದೆ. ಅರುಗಂ ಕೊಲ್ಲಿಯಿಂದ ಸುಮಾರು 12 ಕಿಲೋಮೀಟರ್ ದಕ್ಷಿಣಕ್ಕಿರುವ ಪಾನಮದಲ್ಲಿ ಸಿಂಹಳರೂ ತಮಿಳರೂ ತಲೆಮಾರುಗಳಿಂದ ಹೆಣ್ಣು ಕೊಟ್ಟು ತಂದು ಬದುಕಿದವರು. 1983ರಿಂದ 2009ರವರೆಗೆ ಆ ಎರಡು ಹೆಸರುಗಳ ನಡುವೆ ಯುದ್ಧ ನಡೆದಾಗ ಅಂಥ ಮನೆಗಳಲ್ಲಿ ಏನೇನು ಮಾತು ನಡೆದಿರಬಹುದು ಎಂದು ಒಂದು ಕ್ಷಣ ಯೋಚಿಸಿ. 2004ರ ಡಿಸೆಂಬರ್ 26ರಂದು ಸುನಾಮಿ ಆ ದೇಶದಲ್ಲಿ 30 ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು. ಪಕ್ಕದ ಪಟ್ಟಣ ಪೊತ್ತುವಿಲ್‌ಗೂ ಅರುಗಂ ಕೊಲ್ಲಿಗೂ ನಡುವೆ ನೀವು ನಿಂತು ಸೂರ್ಯೋದಯದ ಫೋಟೊ ತೆಗೆದ ಸೇತುವೆ, ಹಳೆಯದು ಆ ದಿನ ಹಾಳಾದ ಮೇಲೆ ಹೊಸದಾಗಿ ಕಟ್ಟಿದ್ದು. ಇಷ್ಟನ್ನು ಹಾದು ಬಂದ ಹೆಣ್ಣುಮಗಳೊಬ್ಬರು ಮುಸ್ಸಂಜೆಯ ಹೊತ್ತಿನಲ್ಲಿ ಅಪರಿಚಿತ ಗಂಡಸೊಬ್ಬನನ್ನು ಒಳಗೆ ಕರೆದರೆಂದರೆ, ಅವರು ನಿಮ್ಮನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿ, ಆಗಬಹುದು ಎಂದು ತೀರ್ಮಾನಿಸಿಯೇ ಕರೆದಿರುತ್ತಾರೆ. ಆ ತೀರ್ಮಾನದ ಶ್ರೇಯಸ್ಸನ್ನು ನಿಮ್ಮ ಒಂದು ವಿಶೇಷಣ ಅವರಿಂದ ಕಿತ್ತುಕೊಂಡಿದೆ.

ಮುಂದಿನ ಸಾಲು: “ಪೆಟ್ರೋಲ್ ಸಿಗದ ಕಾರಣ ಎರಡು ದಿನ ಅಲ್ಲಿಯೇ ಉಳಿಯುವ ಅನಿವಾರ್ಯತೆ ಎದುರಾಯಿತು.” ಇದನ್ನು ಬಸ್ಸು ತಪ್ಪಿದ ಹಾಗೆ ಬರೆದು ಮುಂದೆ ಹೋಗಿದ್ದೀರಿ. ಆ ವರ್ಷದ ಏಪ್ರಿಲ್‌ನಲ್ಲಿ ಶ್ರೀಲಂಕಾ ವಿದೇಶಿ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತ್ತು. ಜೂನ್ ಕೊನೆಯಲ್ಲಿ ಅಗತ್ಯ ಸೇವೆಗಳಿಗೆ ಬಿಟ್ಟು ಬೇರೆ ಯಾರಿಗೂ ಇಂಧನ ಮಾರಕೂಡದೆಂದು ಸರ್ಕಾರವೇ ಆದೇಶಿಸಿತ್ತು. ಅಡುಗೆ ಅನಿಲಕ್ಕೆ ಜನ ದಿನಗಟ್ಟಲೆ ಸಾಲು ನಿಂತಿದ್ದರು. ಹಿಂದಿನ ವರ್ಷ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿದ್ದರಿಂದ ಭತ್ತದ ಇಳುವರಿ ಕುಸಿದು ಅಕ್ಕಿಯ ಬೆಲೆ ಏರಿತ್ತು. ಜುಲೈ 9ರಂದು ಕೊಲಂಬೊದಲ್ಲಿ ಜನ ಅಧ್ಯಕ್ಷರ ನಿವಾಸಕ್ಕೇ ನುಗ್ಗಿದರು. ನೀವು ಆ ಜಗಲಿಯಲ್ಲಿ ಊಟಕ್ಕೆ ಕೂತದ್ದು ಇಂಥ ತಿಂಗಳಲ್ಲಿ.

ಈಗ ಊಟದ ವಾಕ್ಯಕ್ಕೆ ಬನ್ನಿ. “ಪರಿಚಯವೇ ಇಲ್ಲದ ತಾಯಿಯೊಬ್ಬರು ರುಚಿರುಚಿಯಾದ ಊಟವನ್ನು ಪ್ರೀತಿಯಿಂದ ಉಣಬಡಿಸಿದರು.” ನಿಮ್ಮ ಬೋರ್ಡಿನ ಉದ್ದ, ಅಗಲ, ಬಾಲದ ಆಕಾರ, ಅದಕ್ಕೆ ಹಚ್ಚುವ ವ್ಯಾಕ್ಸ್, ಕಾಲಿಗೆ ಕಟ್ಟುವ ಹಗ್ಗ ಇವಕ್ಕೆ ನೀವು ಕೊಟ್ಟದ್ದು ಹನ್ನೊಂದು ವಾಕ್ಯ. ಅಕ್ಕಿಗೆ ಬರ ಬಂದ ತಿಂಗಳಲ್ಲಿ ನಿಮಗೆ ಅನ್ನ ಹಾಕಿದವರಿಗೆ ಒಂದು. ಬಡಿಸಿದ್ದು ಏನು? ಅನ್ನವೋ, ತೆಂಗಿನಕಾಯಿ ಹಾಕಿ ತಟ್ಟಿದ ರೊಟ್ಟಿಯೋ? ಒಲೆ ಸೌದೆಯದೋ? ಅವರು ನಿಮ್ಮ ಜೊತೆ ಕೂತು ಉಂಡರೇ, ನೀವು ಎದ್ದ ಮೇಲೆ ಉಂಡರೇ? ನೀವು ಎರಡನೆಯ ಸಲ ಅನ್ನ ಹಾಕಿಸಿಕೊಂಡಿರೇ? ಒಂದಕ್ಕೂ ಲೇಖನದಲ್ಲಿ ಉತ್ತರವಿಲ್ಲ. ‘ಪ್ರೀತಿಯಿಂದ’ ಎಂಬ ಮಾತು ಈ ಎಲ್ಲ ಪ್ರಶ್ನೆಗಳನ್ನೂ ಮುಚ್ಚಿಬಿಟ್ಟಿದೆ.

ನಾನು ಇಷ್ಟು ಕಟುವಾಗಿ ಬರೆಯುವುದಕ್ಕೆ ಕಾರಣವಿದೆ. ವಾರಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ಮಲೆನಾಡಿನ ಮಳೆಯ ಬಗ್ಗೆ ಬರೆಯಲೆಂದು ನನ್ನನ್ನು ಹೊಸನಗರದ ಕಡೆಗೆ ಕಳಿಸಿದ್ದರು. ಮರ ಬಿದ್ದು ರಸ್ತೆ ಕಟ್ಟಿ, ರಾತ್ರಿ ದಾರಿ ಬದಿಯ ಮನೆಯೊಂದರಲ್ಲಿ ತಂಗಿದೆ. ಬಿಸಿ ಗಂಜಿ ಕೊಟ್ಟರು, ಹೊದೆಯಲು ಕಂಬಳಿ ಕೊಟ್ಟರು. ಊರಿಗೆ ಮರಳಿ, ‘ಬಡತನದಲ್ಲೂ ಹೃದಯ ಶ್ರೀಮಂತಿಕೆ ಮೆರೆದ ಕುಟುಂಬ’ ಎಂದು ಬರೆದೆ. ನಮ್ಮ ಹಿರಿಯ ಸಂಪಾದಕರು ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, “ಆ ಮನೆಯಲ್ಲಿ ಕಂಬಳಿ ಎಷ್ಟಿದ್ದವು?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರು ಬೇರೇನೂ ಹೇಳದೆ ಹಾಳೆಯನ್ನು ನನ್ನ ಕೈಗೆ ಹಿಂದಿರುಗಿಸಿದರು. ಮುಂದಿನ ಭಾನುವಾರ ನನ್ನದೇ ದುಡ್ಡಿನಲ್ಲಿ ಬಸ್ಸು ಹತ್ತಿ ಮತ್ತೆ ಅಲ್ಲಿಗೆ ಹೋದೆ. ಮನೆಯಲ್ಲಿದ್ದವರು ಆರು ಮಂದಿ, ಕಂಬಳಿ ಮೂರು. ನಾನು ತಂಗಿದ್ದ ರಾತ್ರಿ ಮನೆಯ ಅಜ್ಜನೂ ಮೊಮ್ಮಗನೂ ಬಚ್ಚಲೊಲೆಯ ಪಕ್ಕದಲ್ಲಿ ಗೋಣಿ ಹಾಸಿಕೊಂಡು ಮಲಗಿದ್ದರು. ಬಚ್ಚಲಿನ ಕಡೆಯಿಂದ ಯಾರೋ ಕೆಮ್ಮುವುದು ಅಂದು ನನ್ನ ಕಿವಿಗೆ ಬಿದ್ದಿತ್ತು. ಬೆಳಗಾಗುತ್ತ ಬಂತು, ನೀರಿಗೆ ಉರಿ ಹಾಕಲು ಎದ್ದಿದ್ದಾರೆ ಎಂದುಕೊಂಡು ಮಗ್ಗುಲು ಬದಲಿಸಿದ್ದೆ. ಆ ಕೆಮ್ಮು ಇಂದಿಗೂ ನನಗೆ ಕೇಳುತ್ತದೆ. ತಿದ್ದಿ ಬರೆದ ವರದಿ ಮೊದಲಿನದರ ಅರ್ಧದಷ್ಟಿತ್ತು. ಅದರಲ್ಲಿ ಕಂಬಳಿಗಳ ಲೆಕ್ಕವಿತ್ತು, ಶ್ರೀಮಂತಿಕೆಯ ಮಾತಿರಲಿಲ್ಲ.

ನಿಮ್ಮ ಪುಟದಲ್ಲೂ ಅಂಥ ಒಂದು ಕೆಮ್ಮು ಕೇಳುತ್ತದೆ. “ಹಾಲಿಲ್ಲದ ಚಹಾ, ಜೊತೆಗೆ ಅಂಗೈಯಲ್ಲಿ ಒಂದು ತುಂಡು ಬೆಲ್ಲ, ವಿಚಿತ್ರ ಪದ್ಧತಿ!” ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ಆ ಮನೆ ಕಣ್ಣಿಗೆ ಕಾಣುವುದು ಈ ಒಂದು ಸಾಲಿನಲ್ಲಿ; ಇದನ್ನು ಉದ್ಗಾರ ಚಿಹ್ನೆ ಹಾಕಿ ಬಿಟ್ಟುಬಿಟ್ಟಿರಲ್ಲ ಎಂದು ನನಗೆ ಸಂಕಟವಾಯಿತು. ಕಿತುಳ್ ಮರದ ಬೆಲ್ಲವನ್ನು ಕಚ್ಚಿಕೊಳ್ಳುತ್ತ ಬರಿಯ ಚಹಾ ಕುಡಿಯುವುದು ಅಲ್ಲಿ ಹಳೆಯ ರೂಢಿ. ಆ ಕಿತುಳ್ ಬೇರೆ ಯಾವುದೂ ಅಲ್ಲ, ನಮ್ಮ ಘಟ್ಟದ ಬೈನೆ ಮರ. ಮನೆಗೆ ಬಂದವರ ಮುಂದೆ ಬೆಲ್ಲ ನೀರು ಇಡುವ ಜಿಲ್ಲೆಯಿಂದ ಹೋದ ನಿಮಗೆ ಅದು ಹೇಗೆ ವಿಚಿತ್ರವಾಯಿತು? ಇನ್ನೊಂದು ಮಾತೂ ಇದೆ. ಶ್ರೀಲಂಕಾದವರು ಚಹಾಕ್ಕೆ ಹಾಕುವುದು ಹೆಚ್ಚಾಗಿ ಹೊರದೇಶದಿಂದ ಬರುವ ಹಾಲಿನ ಪುಡಿಯನ್ನು. ಆ ವರ್ಷ ಅದು ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ, ಸಿಕ್ಕರೆ ಕೈಗೆಟುಕುತ್ತಿರಲಿಲ್ಲ. ನಿಮ್ಮ ಲೋಟದಲ್ಲಿ ಹಾಲಿಲ್ಲದಿದ್ದದ್ದು ರೂಢಿಯಿಂದಲೋ ಅಭಾವದಿಂದಲೋ ಎಂಬುದನ್ನು ಆ ಜಗಲಿಯಲ್ಲಿ ಕೂತಿದ್ದ ನೀವು ಮಾತ್ರ ಕೇಳಿ ತಿಳಿಯಬಹುದಿತ್ತು.

“ಭಾಷೆ ಬಾರದಿದ್ದರೂ ಹೃದಯಗಳು ಮಾತಾಡಿದವು” ಎಂಬ ಸಾಲನ್ನು ನಾನೇ ಹೊಡೆದು ಹಾಕಿದ್ದೇನೆ. ಆ ಊರಿನಲ್ಲಿ ತಮಿಳು ತಿಳಿದವರು ಬೇಕಾದಷ್ಟಿದ್ದಾರೆ. ತಮಿಳಿನ ‘ಪೇರ್’, ಕನ್ನಡದ ‘ಹೆಸರು’, ನಿಮ್ಮ ಮನೆಮಾತು ತುಳುವಿನ ‘ಪುದರ್’ ಮೂರೂ ಒಂದೇ ಬೇರಿನವು. ನಿಮ್ಮ ಹೆಸರೇನು ಎಂದು ಕೇಳುವುದಕ್ಕೆ ಅಷ್ಟು ಸಾಕಿತ್ತು. ಎರಡು ರಾತ್ರಿ ಇದ್ದ ಮನೆಯ ಯಜಮಾನ್ತಿಯ ಹೆಸರು ನಿಮಗೆ ತಿಳಿದಿದೆ ಎಂಬ ಸೂಚನೆ ಎಲ್ಲಿಯೂ ಇಲ್ಲ. ಅಚ್ಚಿನಲ್ಲಿ ಬೇರೆ ಹೆಸರು ಬೇಕಾದರೆ ಕೊಡೋಣ, ಆದರೆ ನಿಮಗೆ ನಿಜವಾದದ್ದು ಗೊತ್ತಿರಬೇಕು.

ಕೊನೆಯದಾಗಿ, “ದಾರಿಯಲ್ಲಿ ಕಾವಿ ತೊಟ್ಟ ಕೆಲವರು ಬರಿಗಾಲಲ್ಲಿ ಹೋಗುತ್ತಿದ್ದರು” ಎಂಬ ಅರ್ಧ ಸಾಲು. ಅವರು ಕತರಗಮದ ಪಾದಯಾತ್ರಿಕರು. ಉತ್ತರದ ಯಾಳ್ಪಾಣದಿಂದ, ಅಂದರೆ ಜಾಫ್ನಾದಿಂದ ಹೊರಟು, ಪೂರ್ವ ಕರಾವಳಿಯುದ್ದಕ್ಕೂ ಒಂದು ತಿಂಗಳಿಗೂ ಮೀರಿ ನಡೆದು, ಪೊತ್ತುವಿಲ್, ಪಾನಮ ದಾಟಿ ಒಕಂದ ಮುರುಗನ ಗುಡಿಗೆ ಬಂದು, ಅಲ್ಲಿಂದ ಕುಮನ ಮತ್ತು ಯಾಲದ ಕಾಡು ಹಾದು ಕತರಗಮ ಸೇರುತ್ತಾರೆ. ಮುರುಗನಿಗೆಂದು ಹಿಂದೂಗಳು ಹೋಗುವ ಆ ಕ್ಷೇತ್ರಕ್ಕೆ ಬೌದ್ಧರೂ ಮುಸ್ಲಿಮರೂ ಹೋಗುತ್ತಾರೆ. ದಾರಿಯ ಊರುಗಳವರು ನಡೆದು ಬಂದವರಿಗೆ ನೀರು, ಅನ್ನ, ನೆರಳು ಕೊಡುವುದು ತಲೆತಲಾಂತರದಿಂದ ನಡೆದು ಬಂದದ್ದು. ಅದೇ ಒಕಂದದಲ್ಲಿ, ಆ ಗುಡಿಯ ಮುಂದಿನ ಕಡಲಿನಲ್ಲೇ, ನೀವು ಮೂರು ದಿನ ಅಲೆ ಏರಿದ್ದೀರಿ. ಬೆನ್ನ ಮೇಲೆ ಚೀಲ ಹೊತ್ತು ಧೂಳು ಮೆತ್ತಿದ ಕಾಲಲ್ಲಿ ಬಂದ ನಿಮ್ಮನ್ನು ಆ ತಾಯಿ ಕಂಡಾಗ ಅವರಿಗೆ ಏನು ನೆನಪಾಗಿರಬಹುದು? ನನಗೆ ತೋಚುವುದನ್ನು ನಾನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಆ ಮನೆಯನ್ನು ಕಂಡವರು ನೀವು.

ಆ ಮನೆಯ ಮಗ ನಿಮಗೆ ಆಗಾಗ ವಾಟ್ಸಾಪ್‌ನಲ್ಲಿ ಅಲೆಯ ಸುದ್ದಿ ಕಳಿಸುತ್ತಾನೆಂದು ಲೇಖನದ ಜೊತೆಗಿನ ಪತ್ರದಲ್ಲಿ ಬರೆದಿದ್ದೀರಿ. ಅವನಿಗೆ ಫೋನ್ ಮಾಡಿ ತಾಯಿಗೆ ಕೊಡಲು ಹೇಳಿ. ಮೊದಲು ಹೆಸರು ಕೇಳಿ, ಆಮೇಲೆ ಆ ರಾತ್ರಿ ಒಲೆಯ ಮೇಲೆ ಏನಿತ್ತು, ಯಾರು ಎಲ್ಲಿ ಮಲಗಿದರು ಎಂದು ಕೇಳಿ. ಬೋರ್ಡಿನ ಹನ್ನೊಂದು ವಾಕ್ಯಗಳನ್ನು ಮೂರಕ್ಕೆ ಇಳಿಸಿದರೆ ಇದಕ್ಕೆಲ್ಲ ಜಾಗ ಸಿಗುತ್ತದೆ. ಬರುವ ತಿಂಗಳ ಹತ್ತನೆಯ ತಾರೀಖಿನೊಳಗೆ ನಾಲ್ಕನೆಯ ಪುಟವನ್ನು ಮಾತ್ರ ಹೊಸದಾಗಿ ಬರೆದು ಕಳಿಸಿ. ಉಳಿದ ಪುಟಗಳು ನನ್ನ ಮೇಜಿನ ಮೇಲೆಯೇ ಇವೆ.

ಇತಿ,
ಸಂಪಾದಕ